ಸಂಚಕಾರ ಕೊಡುವ ಮೊದಲು ಮೂರು ದಪ್ತರ ನೋಡಿರಿ

ಹೊಲ ಕೊಳ್ಳುವಾಗ ನಾವು ರೈತರು ಏನೇನು ನೋಡುತ್ತೇವೆ? ಎರಿ ಎಷ್ಟು ಆಳ ಐತಿ, ಒಡ್ಡು ಗಟ್ಟಿ ಐತೋ ಇಲ್ಲೋ, ಮಳೆನೀರು ಯಾವ ಕಡೆ ಹರಿಯುತ್ತದೆ, ಚಕ್ಕಡಿ ಹೋಗಲು ದಾರಿ ಐತೇನು, ಹೋದ ವರ್ಷ ಬಿಳಿಜೋಳ ಹ್ಯಾಂಗ ಬಂದಿತ್ತು. ಇಷ್ಟು ನೋಡಿ, ನಾಲ್ಕು ಹಿರಿಯರನ್ನು ಕೂಡಿಸಿ ಸಂಚಕಾರ ಕೊಟ್ಟುಬಿಡುತ್ತೇವೆ. ಕಾಗದ ನೋಡುವುದು ಆಮೇಲೆ. ಉತಾರದಾಗ ಮಾರುವವನ ಹೆಸರು ಕಂಡರೆ ಮುಗಿಯಿತು, ಹೊಲ ಅವನದೇ ಅನ್ನುತ್ತೇವೆ. ತಂಟೆ ಹುಟ್ಟುವುದು ಬಹಳ ಸಲ ಇಲ್ಲಿಂದಲೇ.

ನಾನು ಗೋಕಾಕ ತಾಲೂಕಿನ ಒಣಬೇಸಾಯದವ. ಕಲಿತದ್ದು ಏಳನೇ ಇಯತ್ತೆ. ವಕೀಲನಲ್ಲ. ಆದರೆ ಹೊಲದ ಕಾಗದ ಹುಡುಕುವುದನ್ನು ನಾಲ್ಕಾರು ಸಲ ನಾನೇ ತಿರುಗಾಡಿ ಕಲಿತಿದ್ದೇನೆ. ಏಳನೇ ಇಯತ್ತೆ ಓದಿದವನಿಗೆ ಆಗುವ ಕೆಲಸವೇ ಇದು. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿರಿ. ಒಂದು ಹೊಲದ ಸುದ್ದಿ ಮೂರು ಕಡೆ ಇರುತ್ತದೆ: ಮಾಮಲೇದಾರ ಕಚೇರಿ, ಸಬ್ ರಜಿಸ್ಟ್ರಾರ ಕಚೇರಿ, ಕೋರ್ಟು. ಒಂದು ಕಡೆ ಇದ್ದದ್ದೆಲ್ಲ ಇನ್ನೊಂದು ಕಡೆ ಕಾಣುವುದಿಲ್ಲ. ಉತಾರ ಸ್ವಚ್ಛ ಇದ್ದರೂ ಕೋರ್ಟಿನಲ್ಲಿ ದಾವೆ ನಡೆದಿರಬಹುದು. ಆದ್ದರಿಂದ ಮೂರೂ ನೋಡಬೇಕು.

ಮೊದಲನೆಯದು: ಉತಾರ ಮತ್ತು ವರ್ದಿ

ಉತಾರ ಅಂದರೆ ಪಹಣಿ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಕೈಬರಹದ ಉತಾರ ಹೋಗಿ ಕಂಪ್ಯೂಟರ ಉತಾರ ಬಂದವು. ಸರ್ವೇ ನಂಬರು, ಹಿಸ್ಸಾ ಗೊತ್ತಿದ್ದರೆ ಯಾರ ಹೊಲದ ಉತಾರವನ್ನು ಯಾರಾದರೂ ತೆಗೆಸಬಹುದು. ಮಾರುವವನ ಅಪ್ಪಣೆ ಬೇಕಿಲ್ಲ. ಅವನು ತಂದುಕೊಟ್ಟ ಹಳೆಯ ಉತಾರ ನಂಬದೆ, ಹೊಸದನ್ನು ನೀವೇ ತೆಗೆಸಿರಿ.

ಉತಾರದಾಗ ನಾಲ್ಕು ಕಾಲಂ ಸಾವಕಾಶ ಓದಿರಿ. 3ನೇ ಕಾಲಮಿನಲ್ಲಿ ಕ್ಷೇತ್ರ ಮತ್ತು ಖರಾಬು ಇರುತ್ತದೆ. 4 ಎಕರೆ ಅಂತ ಮಾತಾಗಿ, ಅದರಲ್ಲಿ 20 ಗುಂಟೆ ಖರಾಬು ಇದ್ದರೆ ಸಾಗುವಳಿಗೆ ಉಳಿಯುವುದು 3 ಎಕರೆ 20 ಗುಂಟೆ. ನಮ್ಮ ಕಡೆ ಘಟಪ್ರಭಾ ಕಾಲುವೆಗೆ ಹೋದ ಹೊಲಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. 9ನೇ ಕಾಲಮಿನಲ್ಲಿ ಮಾಲಕರ ಹೆಸರು. 10ನೇ ಕಾಲಮಿನಲ್ಲಿ ಹೊಲ ಅವರಿಗೆ ಹ್ಯಾಂಗ ಬಂತು ಅನ್ನುವುದು, ಅದರ ವರ್ದಿ ನಂಬರು. 11ನೇ ಕಾಲಮಿನಲ್ಲಿ ಬೋಜಾ, ಅಂದರೆ ಸೊಸಾಯಿಟಿ, ಬ್ಯಾಂಕಿನ ಸಾಲ. ಕೋರ್ಟಿನ ತಡೆಯಾಜ್ಞೆ ತಹಶೀಲದಾರರಿಗೆ ಮುಟ್ಟಿ ದಾಖಲಾಗಿದ್ದರೆ ಅದೂ ಇಲ್ಲೇ.

10ನೇ ಕಾಲಮಿನ ವರ್ದಿ ನಂಬರು ಬಹಳ ಮುಖ್ಯ. ಅದೊಂದು ದಾರದ ತುದಿ ಇದ್ದಂಗ. ಆ ವರ್ದಿಯ ನಕಲು ತೆಗೆಸಿರಿ. ಖರೇದಿಯೋ, ವಾರಸಾವೋ, ವಾಟ್ನಿಯೋ ತಿಳಿಯುತ್ತದೆ. ಅದಕ್ಕಿಂತ ಹಿಂದಿನ ಉತಾರ ತೆಗೆಸಿ ಅದರ ವರ್ದಿ ನೋಡಿರಿ. ಹೀಗೆ ಹಿಂದಕ್ಕೆ ಹೋಗುತ್ತ ಅಜ್ಜನ ಕಾಲದವರೆಗೆ ಮುಟ್ಟಬೇಕು. ಕೈಬರಹದ ಹಳೆಯ ಕಾಗದ ತಹಶೀಲದಾರ ಕಚೇರಿಯ ರೆಕಾರ್ಡ ರೂಮಿನಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ಮೂಡಲಗಿ ಬೇರೆ ತಾಲೂಕು ಆದದ್ದು ಇತ್ತೀಚೆಗೆ. ಆದ್ದರಿಂದ ಆ ಊರುಗಳವರು ಹಳೆಯ ಕಾಗದ ಮೂಡಲಗಿಯಲ್ಲಿ ಅದಾವೋ ಗೋಕಾಕದಲ್ಲಿ ಅದಾವೋ ಮೊದಲು ಕೇಳಿಕೊಳ್ಳಿರಿ. 1956ರವರೆಗೆ ನಾವು ಮುಂಬಯಿ ರಾಜ್ಯದಲ್ಲಿ ಇದ್ದವರು. ಅದಕ್ಕಿಂತ ಹಿಂದಿನ ಕಾಗದ ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಇರಬಹುದು. ಓದಬಲ್ಲ ಹಿರಿಯರು ಬೇಕಾಗುತ್ತಾರೆ.

ಹಿಂದಕ್ಕೆ ಹೋಗುವಾಗ ಒಂದು ವಹಿಯಲ್ಲಿ ಕಂಡ ಹೆಸರನ್ನೆಲ್ಲ ಬರೆದುಕೊಳ್ಳಿರಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ತಿಳುವಳಿಕೆ. ಉತಾರ ಮಾಲಕಿಯ ಪತ್ರವಲ್ಲ. 1964ರ ಭೂ ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಉತಾರದ ನೋಂದನ್ನು ಸುಳ್ಳು ಅಂತ ತೋರಿಸುವ ತನಕ ಖರೆ ಅಂತ ಹಿಡಿಯುತ್ತಾರೆ, ಅಷ್ಟೇ. ಹಕ್ಕು ಯಾರದು ಅನ್ನುವುದನ್ನು ತೀರ್ಮಾನ ಮಾಡುವುದು ಸಿವಿಲ್ ಕೋರ್ಟು.

ಎರಡನೆಯದು: ಋಣಭಾರ ಪತ್ರ

ಸಬ್ ರಜಿಸ್ಟ್ರಾರ ಕಚೇರಿಯಲ್ಲಿ ಖರೇದಿ, ಗಹಾಣ, ವಾಟ್ನಿ, ಬಕ್ಷೀಸು ಇಂಥ ನೋಂದಣಿಯಾದ ಪತ್ರಗಳ ಪಟ್ಟಿ ಸಿಗುತ್ತದೆ. ಅದಕ್ಕೆ ಋಣಭಾರ ಪತ್ರ ಅಥವಾ ಇ.ಸಿ. ಅನ್ನುತ್ತಾರೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ. ಈಗ ಕಾವೇರಿ ವ್ಯವಸ್ಥೆಯಲ್ಲಿ ಮನೆಯಿಂದಲೂ ಅರ್ಜಿ ಹಾಕಬಹುದು. ಕಂಪ್ಯೂಟರ ಬರುವ ಮೊದಲಿನ ವರ್ಷಗಳಿಗೆ ಕಚೇರಿಯ ಪುಸ್ತಕವನ್ನೇ ಹುಡುಕಿಸಬೇಕು. ಕನಿಷ್ಠ 30 ವರ್ಷದ್ದು ಕೇಳಿರಿ.

ಇದೂ ಮುಚ್ಚಿಟ್ಟ ದಪ್ತರವಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರ ಆಸ್ತಿಯ ಒಂದನೇ ಪುಸ್ತಕವನ್ನು ಫೀ ತುಂಬಿ ಯಾರಾದರೂ ನೋಡಬಹುದು, ನಕಲು ಪಡೆಯಬಹುದು. ಮೃತ್ಯುಪತ್ರದ ಪುಸ್ತಕ ಮಾತ್ರ ಹಾಗೆ ಎಲ್ಲರಿಗೂ ತೆರೆದದ್ದಲ್ಲ.

ಹುಡುಕಿಸುವಾಗ ಈಗಿನ ಹಿಸ್ಸಾ ನಂಬರು ಒಂದನ್ನೇ ಕೊಡಬೇಡಿರಿ. ಇವತ್ತು 112/2ಬ ಅಂತ ಇದ್ದದ್ದು ವಾಟ್ನಿಗಿಂತ ಮೊದಲು 112/2 ಇದ್ದೀತು, ಅದಕ್ಕೂ ಮೊದಲು ಬರೇ 112 ಇದ್ದೀತು. ಹಳೆಯ ಗಹಾಣ ಹಳೆಯ ನಂಬರಿನಲ್ಲೇ ಕುಂತಿರುತ್ತದೆ. ಬಾಯಿಮಾತಿನ ವಾಟ್ನಿ, ನೋಂದಣಿಯಿಲ್ಲದ ಸಂಚಕಾರ ಪತ್ರ, ಕೈಗಡ ಇವು ಯಾವೂ ಇಲ್ಲಿ ಬರುವುದಿಲ್ಲ. ಅದಕ್ಕೆ ಬಾಂದಿನ ಒಕ್ಕಲಿಗರನ್ನು ಕೇಳಬೇಕು.

ಮೂರನೆಯದು: ಕೋರ್ಟಿನ ದಾವೆ

ಮಾಮಲೇದಾರ ಕಚೇರಿಯಲ್ಲಿ ಹೊಲದ ನಂಬರಿನ ಮ್ಯಾಲ ಹುಡುಕುತ್ತೇವೆ. ಕೋರ್ಟಿನಲ್ಲಿ ಹಾಗಿಲ್ಲ. ಅಲ್ಲಿ ಹುಡುಕುವುದು ಮನುಷ್ಯರ ಹೆಸರಿನ ಮ್ಯಾಲ. ಸರ್ವೇ ನಂಬರು ಇರುವುದು ದಾವಾ ಅರ್ಜಿಯ ಒಳಗೆ. ಆದ್ದರಿಂದಲೇ ವಹಿಯಲ್ಲಿ ಹೆಸರು ಬರೆದುಕೊಳ್ಳಿರಿ ಅಂದದ್ದು.

ಈಗ ಇ-ಕೋರ್ಟ್ಸ್ ಅನ್ನುವ ಸರಕಾರಿ ವ್ಯವಸ್ಥೆಯಲ್ಲಿ ಮೊಬಾಯಿಲಿನಲ್ಲೇ ಪುಕ್ಕಟೆ ನೋಡಬಹುದು. ರಾಜ್ಯ, ಜಿಲ್ಲೆ, ನ್ಯಾಯಾಲಯ ಆರಿಸಿ, ಪಕ್ಷಗಾರನ ಹೆಸರು ಮತ್ತು ವರ್ಷ ಹಾಕಬೇಕು. ಒಂದೊಂದು ವರ್ಷಕ್ಕೂ ಬೇರೆ ಬೇರೆ ಹುಡುಕಬೇಕು. ಬೇಸರ ಮಾಡಿಕೊಳ್ಳಬಾರದು. ಮೂರು ಸೂಕ್ಷ್ಮ ನೆನಪಿಡಿರಿ.

ಒಂದು, ಹೆಸರನ್ನು ಇಂಗ್ಲಿಷ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ನಮೂನಿ ಬರೆದಿರುತ್ತಾರೆ. ಯಲ್ಲಪ್ಪ ಅನ್ನುವುದಕ್ಕೆ ವೈ ಆದ ಮೇಲೆ ಒಬ್ಬ ಎ ಹಾಕುತ್ತಾನೆ, ಇನ್ನೊಬ್ಬ ಇ ಹಾಕುತ್ತಾನೆ. ಪೂರ್ತಿ ಹೆಸರು ಬಿಟ್ಟು ಮೂರು-ನಾಲ್ಕು ಅಕ್ಷರ ಹಾಕಿ, ಎರಡೂ ನಮೂನಿ ಹುಡುಕಿರಿ. ಸಾಲಿಗೆ ಹೋಗುವ ಮಗಳನ್ನೋ ಮೊಮ್ಮಗನನ್ನೋ ಬಗಲಿಗೆ ಕೂಡಿಸಿಕೊಂಡರೆ ಕೆಲಸ ಹಗುರ.

ಎರಡು, ನಡೆದಿರುವ ಕೇಸು ಮಾತ್ರ ನೋಡಬೇಡಿರಿ, ಮುಗಿದದ್ದೂ ನೋಡಿರಿ. ವಾಟ್ನಿ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಆಗುತ್ತದೆ. ಆಮೇಲೆ ಅಂತಿಮ ಡಿಕ್ರಿಯ ಕೆಲಸ ಬೇರೆ ನಂಬರಿನಲ್ಲಿ ನಡೆಯುತ್ತದೆ. ಮ್ಯಾಲಿನ ಕೋರ್ಟಿಗೆ ಅಪೀಲು, ಆಮೇಲೆ ಧಾರವಾಡ ಹೈಕೋರ್ಟ ಪೀಠಕ್ಕೆ ಎರಡನೇ ಅಪೀಲು ಹೋಗಿರಬಹುದು.

ಮೂರು, ಹೊಲದ ದಾವೆ ಹೊಲ ಇದ್ದ ಹದ್ದಿನ ಕೋರ್ಟಿನಲ್ಲಿ ಆಗಬೇಕು. ಆದರೆ ಒಂದೇ ಮನೆತನದ ಹೊಲ ಎರಡು ಹದ್ದಿನಲ್ಲಿ ಇದ್ದರೆ ಯಾವುದಾದರೂ ಒಂದರಲ್ಲಿ ಹಾಕಬಹುದು. ಮಾರುವವರಿಗೆ ಹುಕ್ಕೇರಿ ಕಡೆಗೂ ಹೊಲ ಇದ್ದರೆ ಹುಕ್ಕೇರಿ ಕೋರ್ಟನ್ನೂ ನೋಡಿರಿ.

ಕೇಸು ನಡೆದಾಗ ಕೊಂಡರೆ ಏನಾಗುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮು ಐತಿ. ಅದರ ಪ್ರಕಾರ ಕೋರ್ಟಿನ ತೀರ್ಪು ಕೊಂಡವನಿಗೂ ಬಂಧನ. 'ನನಗೆ ಗೊತ್ತಿರಲಿಲ್ಲರೀ' ಅಂದರೆ ನಡೆಯುವುದಿಲ್ಲ.

ಅಕ್ಕ-ತಂಗಿಯರ ಹೆಸರು

ನಮ್ಮ ಬಗಲಿನ ಹೊಲದ ಸುದ್ದಿ ಹೇಳುತ್ತೇನೆ. ಅಣ್ಣ-ತಮ್ಮ ಇಬ್ಬರ ಹೆಸರಿನಲ್ಲಿ ಉತಾರ, ವಾರಸಾ ವರ್ದಿ. ಬೋಜಾ ಇರಲಿಲ್ಲ. ಇ.ಸಿ.ಯಲ್ಲಿ ಏನೂ ಇರಲಿಲ್ಲ. ನಮ್ಮ ಮನೆಯವರು ಹೈನದಿಂದ ಕೂಡಿಸಿದ ರೊಕ್ಕವೂ ಇದಕ್ಕೇ ಹೋಗುವುದಿತ್ತು. ಗೋಕಾಕ ಕೋರ್ಟಿನ ಪಟ್ಟಿಯಲ್ಲಿ ಅಣ್ಣನ ಹೆಸರು ಹಾಕಿದಾಗ ಅವನು ಪ್ರತಿವಾದಿಯಾಗಿ ಬಂದ. ವಾದಿ ಒಬ್ಬ ಹೆಣ್ಣುಮಗಳು, ಅಡ್ಡಹೆಸರು ಬೇರೆ. ವಕೀಲರ ಕಡೆಯಿಂದ ವಿಚಾರಿಸಿದರೆ ಆಕೆ ಅವರ ತಂಗಿ, ಗಂಡನ ಮನೆಯ ಅಡ್ಡಹೆಸರು ಬಂದಿತ್ತು. ದಾವೆ ಆ ಹೊಲದ್ದೇ.

ನಾವು ಸಂಚಕಾರ ಕೊಡಲಿಲ್ಲ. ಅಣ್ಣನಿಗೆ, 'ತಂಗೀನ ಕರೀರಿ, ಆಕಿ ಪಾಲು ಆಕಿಗೆ ಕೊಡ್ರಿ, ಆಮ್ಯಾಲ ಮಾತಾಡೂಣು' ಅಂದೆವು. ಲೋಕ ಅದಾಲತಿನಲ್ಲಿ ರಾಜಿ ಆಯಿತು. ರಾಜಿ ಡಿಕ್ರಿಯ ನಕಲು ಕೈಗೆ ಬಂದ ಮೇಲೆ ಮೂರೂ ಜನ ಖರೇದಿ ಪತ್ರಕ್ಕೆ ಸಹಿ ಮಾಡಿದರು. ತಂಗಿಯ ರೊಕ್ಕ ಆಕೆಯ ಖಾತೆಗೇ ಹೋಯಿತು.

ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಬಂತು. 2005ರಲ್ಲಿ ದೇಶಕ್ಕೆಲ್ಲ ಬಂತು. ತಂದೆ 2005ಕ್ಕಿಂತ ಮೊದಲು ತೀರಿದ್ದರೂ ಮಗಳಿಗೆ ಪಾಲು ಐತಿ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. 2004ರ ಡಿಸೆಂಬರ 20ಕ್ಕಿಂತ ಮೊದಲು ಕಾನೂನು ಪ್ರಕಾರ ಆದ ವಾಟ್ನಿ, ಮಾರಾಟ ಮಾತ್ರ ಹಾಗೇ ಉಳಿಯುತ್ತವೆ. ಆದ್ದರಿಂದ ಉತಾರದಲ್ಲಿ ಹೆಸರಿಲ್ಲ ಅಂತ ಅಕ್ಕ-ತಂಗಿಯರನ್ನು ಬಿಡಬೇಡಿರಿ. ವಂಶಾವಳಿ ಕೇಳಿ ಪಡೆಯಿರಿ. ಅದರಲ್ಲಿ ಹೆಣ್ಣುಮಕ್ಕಳು ಎಲ್ಲರೂ ಬಂದಾರೋ ಇಲ್ಲೋ ಓಣಿಯ ಹಿರಿಯರಿಂದ ಖಾತ್ರಿ ಮಾಡಿಕೊಳ್ಳಿರಿ.

ಮಂಜೂರಿ ಹೊಲ, ವತನ ಹೊಲ

ವರ್ದಿ ಹಿಂದಕ್ಕೆ ನೋಡುವಾಗ 'ಮಂಜೂರಿ' ಅನ್ನುವ ಶಬ್ದ ಸಿಕ್ಕರೆ ಅಲ್ಲೇ ನಿಲ್ಲಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಕೊಟ್ಟ ಹೊಲವನ್ನು ಸರಕಾರದ ಪರವಾನಗಿ ಇಲ್ಲದೆ ಮಾರುವಂತಿಲ್ಲ. 1978ರ ಕಾಯ್ದೆ ಐತಿ, ಅಂಥ ಖರೇದಿ ರದ್ದಾಗುತ್ತದೆ. ಅವರ ಹೊಟ್ಟೆಯ ಹೊಲ ಅವರಿಗೇ ಉಳಿಯಲಿ ಅಂತ ಮಾಡಿದ ಕಾಯ್ದೆ ಅದು. ವತನ ಹೊಲ, ಗೇಣಿ ಕಾಯ್ದೆಯಲ್ಲಿ ಬಂದ ಹೊಲ ಇದ್ದರೆ ಅದರ ಆದೇಶದ ಷರತ್ತು ಪೂರ್ತಿ ಓದಿಸಿರಿ.

ವಹಿಯಲ್ಲಿ ಬರೆದಿಟ್ಟುಕೊಳ್ಳಲು

1. ಹೊಸ ಉತಾರ, ಹಿಂದಿನ ವರ್ಷಗಳ ಉತಾರ, ಎಲ್ಲ ವರ್ದಿಗಳ ನಕಲು.
2. ಹಳೆಯ, ಹೊಸ ಹಿಸ್ಸಾ ನಂಬರು ಎರಡರ ಮೇಲೂ 30 ವರ್ಷದ ಇ.ಸಿ.
3. ಹೆಣ್ಣುಮಕ್ಕಳ ಹೆಸರಿರುವ ವಂಶಾವಳಿ.
4. ಪ್ರತಿ ಹೆಸರಿನ ಮೇಲೆ ಕೋರ್ಟಿನ ಹುಡುಕಾಟ, ಯಾವ ದಿನ ನೋಡಿದಿರಿ ಅನ್ನುವ ತಾರೀಖು ಸಹಿತ.
5. ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಿದ್ದರೆ ಸರ್ವೇದವರ 11ಇ ನಕ್ಷೆ.
6. ಖರೇದಿಯ ಹಿಂದಿನ ದಿನ ಉತಾರ, ಇ.ಸಿ., ಕೋರ್ಟಿನ ಪಟ್ಟಿ ಮತ್ತೊಮ್ಮೆ.

ಇಷ್ಟು ಕೂಡಿಸಿ ವಕೀಲರ ಮುಂದೆ ಇಟ್ಟರೆ ಅವರ ಕೆಲಸವೂ ಹಗುರ, ನಿಮ್ಮ ಖರ್ಚೂ ಕಡಿಮೆ. ಕೊಳ್ಳದವರೂ ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ, ತಮ್ಮ ಸ್ವಂತ ಹೊಲದ ಉತಾರ ತೆಗೆಸಿ 9, 10, 11ನೇ ಕಾಲಂ ಓದಿರಿ. ತೀರಿಸಿದ ಸಾಲದ ಬೋಜಾ ಇನ್ನೂ ಕುಂತಿದ್ದರೆ ಸೊಸಾಯಿಟಿಯ ಬೇಬಾಕಿ ಪತ್ರ ಕೊಟ್ಟು ಇಳಿಸಿರಿ. ಗೊತ್ತಿಲ್ಲದ ವರ್ದಿ ಕಂಡರೆ ಅದೇ ವಾರ ನಕಲು ತೆಗೆಸಿರಿ. ಅದರ ಮೇಲೆ ಉಪವಿಭಾಗಾಧಿಕಾರಿಗಳ ಕಡೆ ಅಪೀಲು ಮಾಡಲು ಬರುತ್ತದೆ, ಆದರೆ ತಡ ಮಾಡಿದಷ್ಟು ತೊಡಕು ಹೆಚ್ಚು. ಬಿತ್ತಿದ ಹೊಲಕ್ಕೆ ಹೋಗಿ ನೋಡುವಂಗ ಕಾಗದವನ್ನೂ ಆಗಾಗ ನೋಡುತ್ತಿರಬೇಕು.