ಒಂದು ವಾರದ ಅತಿಥಿ, ಮೂವತ್ತೊಂದು ವರ್ಷದ ಸೇವೆ



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸಂಘಗಳ ಸಭೆಗಳಲ್ಲಿ ಒಂದು ಪ್ರಶ್ನೆ ಬರುವುದುಂಟು. "ಹೊರದೇಶದಿಂದ ಹುಡುಗ ಹುಡುಗೀರು ಸೇವೆ ಅಂತ ಒಂದು ವಾರ ಬಂದ್ರೆ, ನಾವು ಅವರಿಗೇನು ಮಾಡಬೇಕು? ಅವರಿಂದ ನಮಗೇನು ಸಿಗ್ತದೆ?" ಈ ಪಾಠದಲ್ಲಿ ಅದನ್ನೇ ಯೋಚಿಸೋಣ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ನಡೆದ ಹಳೆಯ ಸಂಗತಿಯೊಂದನ್ನು ತಿಳಿಯೋಣ.

ಗಂಜಾಂನ ದೊಡ್ಡ ಸ್ವಾಮಿಯವರು

ಮದ್ದೂರು, ಮಂಡ್ಯ ದಾಟಿ ಮೈಸೂರಿನ ಕಡೆಗೆ ಹೋದರೆ ಶ್ರೀರಂಗಪಟ್ಟಣ ಸಿಗುತ್ತದೆ. ಅದರ ಪಕ್ಕದಲ್ಲೇ ಗಂಜಾಂ. ಅಲ್ಲಿಯ ಹಳೆಯ ಚರ್ಚನ್ನು ಇಂದಿಗೂ ಅಬ್ಬೆ ದುಬಾಯ್ ಅವರ ಚರ್ಚ್ ಎಂದು ಕರೆಯುತ್ತಾರೆ. ದುಬಾಯ್ ಫ್ರಾನ್ಸ್ ದೇಶದವರು. 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲು ಪುದುಚೇರಿ ಸೇರಿದರು. 1799ರಲ್ಲಿ ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದ ಮೇಲೆ ಮೈಸೂರು ಸೀಮೆಗೆ ಬಂದರು.

ಯುದ್ಧದ ಗಾಯ ಇನ್ನೂ ಮಾಯದ ಊರು. ಬಿಳಿಯರನ್ನು ಕಂಡರೆ ಜನಕ್ಕೆ ಅನುಮಾನ. ಅಂಥಾ ಕಡೆ ಈ ತರುಣ ಗುರುಗಳು ನಮ್ಮವರ ಹಾಗೆ ಬಟ್ಟೆ ಉಟ್ಟರು, ನಮ್ಮವರ ಹಾಗೆ ಊಟ ಮಾಡಿದರು, ಇಲ್ಲಿಯ ಮಾತು ಕಲಿತರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಯುದ್ಧದಲ್ಲಿ ನೆಲೆ ಕಳೆದುಕೊಂಡವರು ಬೇಸಾಯ ಮಾಡಿ ಬದುಕಲಿ ಎಂದು ಹಾಸನದ ಕಡೆಯ ಸಾತಹಳ್ಳಿಯಲ್ಲಿ ನೆಲೆ ಮಾಡಿಕೊಟ್ಟರು.

ದಾಕು ಹಾಕಿಸಿದ ಕಥೆ

ಆ ಕಾಲದಲ್ಲಿ ಸಿಡುಬು ಬಂದರೆ ಮನೆಮನೆಯಲ್ಲೂ ಮಕ್ಕಳು ಸಾಯುತ್ತಿದ್ದವು. ಉಳಿದವರಲ್ಲಿ ಕೆಲವರಿಗೆ ಕಣ್ಣೇ ಹೋಗುತ್ತಿತ್ತು. "ಅಮ್ಮ ಬಂದವ್ಳೆ" ಎಂದು ಬೇವಿನ ಸೊಪ್ಪು ಕಟ್ಟಿ ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಒಂದು ವಿಷಯ ತೋರಿಸಿದರು. ಹಸುವಿನ ಕೆಚ್ಚಲಿಗೆ ಬರುವ ಸಣ್ಣ ಸಿಡುಬಿನ ಕೀವನ್ನು ಮನುಷ್ಯರ ತೋಳಿಗೆ ಹಾಕಿದರೆ ದೊಡ್ಡ ಸಿಡುಬು ಬರುವುದಿಲ್ಲ. ಇದೇ ದಾಕು. 1802ರಲ್ಲಿ ಅದು ಮುಂಬಯಿಗೆ ಬಂದು ಮುಟ್ಟಿತು.

ಆಗ ಐಸ್ ಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಸರಪಳಿ ಎಲ್ಲಾದರೂ ಕಡಿದರೆ ಲಸಿಕೆಯೇ ಇಲ್ಲ. ಹಸುವಿನದು, ಅದೂ ಬೇರೆ ಜಾತಿಯವರ ತೋಳಿನಿಂದ ಬಂದದ್ದು, ತಂದವರು ನಿನ್ನೆ ಮೊನ್ನೆ ಯುದ್ಧ ಗೆದ್ದ ಕಂಪನಿಯವರು! ಯಾವ ತಾಯಿ ತಾನೇ ಮಗುವನ್ನು ಮುಂದೆ ಹಿಡಿದಾಳು? ಇಂಥ ಕಾಲದಲ್ಲಿ ದುಬಾಯ್ ಅವರು ಈ ಕೆಲಸಕ್ಕೆ ನಿಂತರು. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿ ಹೆಸರು ಬರೆದಿಟ್ಟ ದಾಖಲೆ ಇದೆ.

ಔಷಧಿ ಕಂಪನಿ ತಂದಿತು. ಜನ ತೋಳು ಚಾಚಲು ನಂಬಿಕೆಯೂ ಬೇಕಿತ್ತು. ಜೊತೆಯಲ್ಲಿ ಬದುಕಿದವರ ಮಾತಿಗೇ ಅಂಥ ತೂಕ ಬರುವುದು.

ಒಂದು ಮಾತನ್ನು ಮುಚ್ಚಿಡಬಾರದು. ದುಬಾಯ್ ಅವರು ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಎಷ್ಟೋ ವಿಷಯಗಳಿವೆ; ನಮ್ಮವರ ಬಗ್ಗೆ ನಾವು ಇಂದು ಒಪ್ಪಲಾಗದ ಕಟುಮಾತುಗಳೂ ಇವೆ. ಬಹಳ ವರ್ಷ ಇದ್ದವರಿಗೇ ಎಲ್ಲವೂ ಸರಿಯಾಗಿ ಕಾಣಲಿಲ್ಲ ಎಂದ ಮೇಲೆ ಒಂದು ವಾರ ಇರುವವರಿಗೆ ಎಷ್ಟು ಕಂಡೀತು? ಆದ್ದರಿಂದ ನಮ್ಮ ಊರಿನ ಕಥೆಯನ್ನು ನಾವೇ ಹೇಳಬೇಕು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಭಾರತಕ್ಕೆ ಬಂದು ಅಷ್ಟರಲ್ಲಿ ಸುಮಾರು 31 ವರ್ಷವಾಗಿತ್ತು. 1848ರಲ್ಲಿ ತೀರಿಕೊಂಡರು.

ಅತಿಥಿ ಬಂದಾಗ ಸಂಘ ಏನು ಮಾಡಬೇಕು?

1. ವಾರದ ಯೋಜನೆಯನ್ನು ಸಂಘವೇ ಮಾಡಲಿ. ಮೊದಲ ಎರಡು ದಿನ ಅತಿಥಿ ಕೆಲಸ ಮಾಡದೆ ನೋಡಲಿ, ಕೇಳಲಿ. ರಾಗಿಮುದ್ದೆ ಉಣ್ಣಲಿ, ಗದ್ದೆ, ಆಲೆಮನೆ ನೋಡಲಿ, ವಾರದ ಸಭೆಯಲ್ಲಿ ಕೂರಲಿ. ನಾವು ಉಳಿತಾಯದ ಲೆಕ್ಕ ಬರೆಯುವುದನ್ನು ಕಂಡರೆ ಅವರೂ ಕಲಿಯುತ್ತಾರೆ.

2. ನಮ್ಮ ಹೆಣ್ಣಾಳು ಕೂಲಿಗೆ ಮಾಡುವ ಕೆಲಸವನ್ನು ಅತಿಥಿಯಿಂದ ಬಿಟ್ಟಿ ಮಾಡಿಸಬೇಡಿ. ಅವರಿಗೆ ಬರುವ, ನಮಗೆ ಬಾರದ ವಿದ್ಯೆ ಯಾವುದು ಎಂದು ಕೇಳಿ, ಅದನ್ನು ಕಲಿಯಿರಿ.

3. ಔಷಧಿ ಕೊಡುವುದು, ಸೂಜಿ ಹಾಕುವುದು ತರಬೇತಿ ಪಡೆದು ಅನುಮತಿ ಇರುವವರ ಕೆಲಸ. ಸೇವೆ ಎಂಬ ಹೆಸರಿದ್ದರೂ ಬೇರೆಯವರು ಅದನ್ನು ಮಾಡಬಾರದು.

4. ತಾಯಿಯನ್ನು ಕೇಳದೆ ಮಗುವಿನ ಫೋಟೋ ತೆಗೆಯಬಾರದು. ಇದನ್ನು ಮೊದಲ ದಿನವೇ ಹೇಳಿ. ಹೇಳಲು ಸಂಕೋಚ ಬೇಡ.

5. ಕೊನೆಯ ದಿನ ಕೇಳಿ: "ನೀವು ಹೋದ ಮೇಲೆ ಈ ಕೆಲಸ ಯಾರು ನಡೆಸ್ತಾರೆ?" ಉತ್ತರದಲ್ಲಿ ಊರಿನ ಒಬ್ಬರ ಹೆಸರಾದರೂ ಇರಬೇಕು.

ಊರಲ್ಲೇ ಉಳಿಯುವವರು ನಾವು

ಸಿಡುಬಿನ ಕೊನೆಯ ರೋಗಿಗಳು ಭಾರತದಲ್ಲಿ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ನಮ್ಮ ಹಿರಿಯರ ತೋಳಿನ ಕಲೆ ಆ ಗೆಲುವಿನ ಗುರುತು. ಸಹಜವಾಗಿ ಹರಡುವ (ವೈಲ್ಡ್) ಪೋಲಿಯೋ ವೈರಸ್ ಕೂಡ 2011ರ ನಂತರ ನಮ್ಮ ದೇಶದಲ್ಲಿ ಕಾಣಿಸಿಕೊಂಡಿಲ್ಲ. 2014ರಲ್ಲಿ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಆದರೆ ದಡಾರ ಇನ್ನೂ ಹೋಗಿಲ್ಲ. ಅದು ಬಹಳ ಬೇಗ ಹರಡುತ್ತದೆ. ಸೊರಗಿದ ಮಗುವಿಗೆ ಬಂದರೆ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು ಬರಬಹುದು. ದಡಾರ ರುಬೆಲ್ಲಾ ಲಸಿಕೆಯನ್ನು 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲೂ ಅಂಗನವಾಡಿಯಲ್ಲೂ ಉಚಿತವಾಗಿ ಹಾಕುತ್ತಾರೆ. ಎರಡನೆಯದು ತಪ್ಪಿಹೋಗುವುದೇ ಹೆಚ್ಚು. ಕಬ್ಬು ಕಡಿಯಲು ಊರೂರು ಹೋಗುವ ಮನೆಗಳಲ್ಲಿ, ತವರಿನಲ್ಲಿ ಬಾಣಂತನ ಮಾಡಿಕೊಂಡವರಲ್ಲಿ ಹೀಗಾಗಬಹುದು. ತಡವಾಯಿತೆಂದು ಬಿಡಬೇಡಿ, ತಾಯಿ ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆಯನ್ನು ಕೇಳಿ.

"ಸೂಜಿ ಹಾಕ್ಸಿದ್ರೆ ಜ್ವರ ಬರ್ತದೆ, ಬೇಡ ಕಣವ್ವಾ" ಎನ್ನುವ ಅಜ್ಜಿಯನ್ನು ಗದರಬೇಡಿ. ಅದು ಮೊಮ್ಮಗುವಿನ ಮೇಲಿನ ಪ್ರೀತಿಯ ಮಾತು. ಸಣ್ಣ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹೆಚ್ಚಾದರೆ ಆಸ್ಪತ್ರೆಗೆ ಹೋಗೋಣ, ನಾನೇ ಜೊತೆಗೆ ಬರ್ತೀನಿ ಎಂದು ಹೇಳಿ. ಪಕ್ಕದ ಮನೆಯವಳ ಈ ಮಾತಿಗೆ ಇರುವ ಬೆಲೆ ಹೊರಗಿನ ಯಾರ ಭಾಷಣಕ್ಕೂ ಇಲ್ಲ. ದುಬಾಯ್ ಅವರು ವರ್ಷಗಟ್ಟಲೆ ಇದ್ದು ಗಳಿಸಬೇಕಾದ ನಂಬಿಕೆ ನಿಮ್ಮ ಬಳಿ ಈಗಾಗಲೇ ಇದೆ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದ ಮನೆಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳು ಎಷ್ಟು? ಯಾರ ಕಾರ್ಡಿನಲ್ಲಿ ಯಾವ ಲಸಿಕೆ ಬಾಕಿ ಇದೆ?
• ಬಾಕಿ ಇರುವ ಮನೆಗೆ ಈ ವಾರ ಯಾರು ಹೋಗುತ್ತಾರೆ?
• ನಮ್ಮ ಊರಿಗೆ ಅತಿಥಿ ಬಂದರೆ ನಾವು ಮೊದಲು ತೋರಿಸುವುದು ಏನನ್ನು?

ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಹೋಗುವವರ ಹೆಸರನ್ನೂ ಬರೆಯಿರಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಓದೋಣ.