ಹಣತೆಯ ಎಣ್ಣೆಯೂ ದೇಹದ ರಕ್ಷಣೆಯೂ

ಹಣತೆಯಲ್ಲಿ ಎಣ್ಣೆ ತೀರುತ್ತ ಬಂದಾಗ ದೀಪ ಮಂಕಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ಎಣ್ಣೆ ಹೊಯ್ದರೆ ಜ್ವಾಲೆ ಚೇತರಿಸಿಕೊಳ್ಳುತ್ತದೆ. ಆದರೆ ತುಂಬಿದ ಹಣತೆಗೆ ಮತ್ತಷ್ಟು ಎಣ್ಣೆ ಸುರಿದರೆ ಬೆಳಕು ಇಮ್ಮಡಿಸುವುದಿಲ್ಲ. ಬತ್ತಿ ತಾನು ಸೆಳೆಯಬಲ್ಲಷ್ಟನ್ನೇ ಸೆಳೆಯುತ್ತದೆ, ಉಳಿದುದು ಹೊರಕ್ಕೆ ಚೆಲ್ಲುತ್ತದೆ. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುವೆಂದು ಮಾರಾಟವಾಗುವ ಮಾತ್ರೆಗಳನ್ನು ಕೊಳ್ಳುವ ಮೊದಲು ಈ ಸರಳ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ವೈರಸ್ ತಾನೇ ತಾನಾಗಿ ಬೆಳೆಯಲಾರದು. ಅದು ನಮ್ಮ ಜೀವಕೋಶಗಳನ್ನು ಹೊಕ್ಕು, ಅಲ್ಲಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದನ್ನು ತಡೆಯುವ ಮೊದಲ ಕೋಟೆ ಮೂಗು, ಶ್ವಾಸನಾಳ, ಕರುಳು ಇವುಗಳ ಒಳಪೊರೆ. ಅದನ್ನು ದಾಟಿ ಬಂದುದನ್ನು ಎದುರಿಸುವುದು ಬಿಳಿಯ ರಕ್ತಕಣಗಳ ಪಡೆ. ಒಳಪೊರೆ ಸುಸ್ಥಿತಿಯಲ್ಲಿರುವುದಕ್ಕೂ ಆ ಪಡೆ ಸರಿಯಾಗಿ ಕೆಲಸಮಾಡುವುದಕ್ಕೂ ‘ಎ’ ಜೀವಸತ್ತ್ವ, ಅಂದರೆ ‘ಎ’ ವಿಟಮಿನ್, ಬೇಕು. ಅದರ ಕೊರತೆಯಿಂದ ಇರುಳುಗುರುಡು ಬರುವುದೆಂದು ಬಹುಜನ ಬಲ್ಲರು. ರೋಗಗಳ ಎದುರು ದೇಹವೂ ದುರ್ಬಲವಾಗುವುದೆಂದು ಬಲ್ಲವರು ಕಡಮೆ.

1932ರಲ್ಲಿ ಎಲಿಸನ್ ಎಂಬ ವೈದ್ಯರು ಲಂಡನ್ನಿನಲ್ಲಿ ದಡಾರದಿಂದ ನರಳುತ್ತಿದ್ದ 600 ಮಕ್ಕಳನ್ನು ಎರಡು ಸಮಗುಂಪುಗಳಾಗಿ ವಿಭಾಗಿಸಿದರು. ಒಂದು ಗುಂಪಿಗೆ ಮಾತ್ರ ‘ಎ’ ಮತ್ತು ‘ಡಿ’ ಜೀವಸತ್ತ್ವಗಳ ಸಾರವನ್ನು ಹೆಚ್ಚಾಗಿ ಕೊಡಲಾಯಿತು. ಆ ಗುಂಪಿನಲ್ಲಿ ತೀರಿಕೊಂಡ ಮಕ್ಕಳು 11, ಇನ್ನೊಂದರಲ್ಲಿ 26. ಅರ್ಧ ಶತಮಾನ ಕಾಲ ಈ ಫಲಿತಾಂಶವನ್ನು ಹೆಚ್ಚು ಜನ ಗಮನಿಸಲಿಲ್ಲ. ಬಳಿಕ ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೀವ್ರ ದಡಾರದ 189 ಮಕ್ಕಳ ಪೈಕಿ 12 ಮಂದಿ ಮಡಿದರು. ಅವರಲ್ಲಿ 10 ಮಂದಿ ‘ಎ’ ಜೀವಸತ್ತ್ವ ದೊರೆಯದ ಗುಂಪಿನವರು. ಏಕೆಂದರೆ ದಡಾರವೇ ದೇಹದಲ್ಲಿರುವ ಈ ಸತ್ತ್ವವನ್ನು ಕುಗ್ಗಿಸುತ್ತದೆ. ಬರಿದಾಗುತ್ತಿದ್ದ ಹಣತೆಗೆ ಸಕಾಲದಲ್ಲಿ ಎಣ್ಣೆ ದೊರೆತಂತಾಯಿತು.

ತುಂಬಿದ ಹಣತೆಯ ವಿಷಯವೇನು? ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಬಹುಮಾನ ಪಡೆದಿದ್ದ ಲೈನಸ್ ಪಾಲಿಂಗ್ ಅವರು 1970ರಲ್ಲಿ ಪುಸ್ತಕವೊಂದನ್ನು ಬರೆದು, ‘ಸಿ’ ಜೀವಸತ್ತ್ವವನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ನೆಗಡಿಯನ್ನು ತಡೆಯಬಹುದೆಂದು ವಾದಿಸಿದರು. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ ತಿಳಿದುಬಂದುದು ಇಷ್ಟು: ಇದನ್ನು ನಿತ್ಯವೂ ಸೇವಿಸುವ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಮೆಯಾಗಲಿಲ್ಲ, ವಯಸ್ಕರಲ್ಲಿ ಅದರ ಅವಧಿ ಮಾತ್ರ ಶೇಕಡಾ 8ರಷ್ಟು ತಗ್ಗಿತು. ಎಂದರೆ ಏಳು ದಿನದ ನೆಗಡಿ ಸುಮಾರು ಅರ್ಧ ದಿನ ಮೊದಲೇ ಮುಗಿಯುತ್ತದೆ. ದೊಡ್ಡ ಪ್ರಮಾಣದಲ್ಲಿ ಸೇವಿಸಿದ ‘ಸಿ’ ಜೀವಸತ್ತ್ವದ ಬಹುಪಾಲು ದೇಹದಿಂದ ಹೊರಹೋಗುತ್ತದೆ.

‘ಎ’ ಜೀವಸತ್ತ್ವ ಹೀಗೆ ಹೊರಚೆಲ್ಲುವುದಿಲ್ಲ. ಕೊಬ್ಬಿನಲ್ಲಿ ಕರಗುವ ಅದು ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅತಿಯಾದರೆ ವಿಷವೂ ಆಗುತ್ತದೆ. 2025ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ದಡಾರ ಹಬ್ಬಿದಾಗ, ಈ ಜೀವಸತ್ತ್ವವನ್ನು ಅತಿಯಾಗಿ ಸೇವಿಸಿದ್ದ ಕೆಲವು ಮಕ್ಕಳಲ್ಲಿ ಯಕೃತ್ತು ಕೆಟ್ಟ ಲಕ್ಷಣಗಳು ಕಂಡುಬಂದವು. ಪ್ರಾಣ ಉಳಿಸಿದ ವಸ್ತುವೇ ಅಳತೆ ತಪ್ಪಿದಾಗ ಅಪಾಯ ತಂದಿತು. ಆದುದರಿಂದ ದಡಾರ ತಗಲಿದ ಮಗುವಿಗೆ ಇದನ್ನು ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು.

ದಿನನಿತ್ಯದ ಊಟದಲ್ಲಿ ಈ ಭಯವಿಲ್ಲ. ನುಗ್ಗೆಸೊಪ್ಪು, ಹರಿವೆಸೊಪ್ಪು, ಕ್ಯಾರೆಟ್, ಮಾವು, ಪಪ್ಪಾಯಿ ಇವುಗಳಲ್ಲಿರುವ ಕೆರೊಟೀನನ್ನು ದೇಹವು ತನಗೆ ಬೇಕಾದಷ್ಟು ಮಾತ್ರ ‘ಎ’ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಕೆರೊಟೀನ್ ಕರುಳಿನಿಂದ ರಕ್ತಕ್ಕೆ ಸೇರಲು ಸ್ವಲ್ಪ ಕೊಬ್ಬು ಬೇಕು. ಸೊಪ್ಪಿನ ಪಲ್ಯದ ಒಗ್ಗರಣೆಗೆ ಹಾಕುವ ಎಣ್ಣೆ ಆ ಕೆಲಸವನ್ನೂ ಮಾಡುತ್ತದೆ. ನೆಲ್ಲಿಕಾಯಿಯೂ ಸೀಬೆಯೂ ‘ಸಿ’ ಜೀವಸತ್ತ್ವವನ್ನು ಧಾರಾಳವಾಗಿ ಒದಗಿಸುತ್ತವೆ.

ಆದರೆ ಒಂದು ಮಾತನ್ನು ಮರೆಯಬಾರದು. ಆಹಾರವು ದೇಹದ ಪಡೆಗೆ ಬಲ ಕೊಡುತ್ತದೆ. ಇಂಥದೇ ಶತ್ರುವೆಂದು ಗುರುತಿಸಲು ಅದಕ್ಕೆ ಕಲಿಸುವುದಿಲ್ಲ. ಅದನ್ನು ರೋಗ ಬರುವ ಮೊದಲೇ ಕಲಿಸುವುದು ಲಸಿಕೆ. ನಮ್ಮ ದೇಶದಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ದಡಾರದ ಲಸಿಕೆಯನ್ನು ಹಾಕುತ್ತಾರೆ. ಮೊದಲ ಲಸಿಕೆಯ ಸಂದರ್ಭದಲ್ಲೇ ‘ಎ’ ಜೀವಸತ್ತ್ವದ ದ್ರವವನ್ನೂ ಅಳತೆಮಾಡಿ ಕುಡಿಸುತ್ತಾರೆ. ಮನೆಯಲ್ಲಿ ಎಳೆಯ ಮಕ್ಕಳಿರುವ ವಾಚಕರು ಲಸಿಕೆಯ ಚೀಟಿಯನ್ನು ಇಂದೇ ತೆಗೆದು, ಈ ಎರಡು ದಿನಾಂಕಗಳನ್ನು ನೋಡಿಕೊಳ್ಳಲಿ.