ಶಿಕ್ಷೆಯಾದ ಮೇಲೆ ಮುಂದೇನು?



ಕಳೆದ ತಿಂಗಳು ನಮ್ಮ ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ ವಿಜಯಪುರದ ಕಡೆಯ ತರುಣನೊಬ್ಬ ಬಂದು ನಿಂತ. ಚಾಳಿನ ನಲ್ಲಿಯ ಬಳಿ ನಡೆದ ಜಗಳದಲ್ಲಿ ಅವನ ಅಣ್ಣ ನೆರೆಯವನ ತೋಳು ಮುರಿದಿದ್ದ. ಮ್ಯಾಜಿಸ್ಟ್ರೇಟರು ಒಂದು ವರ್ಷದ ಸಜೆ ಕೊಟ್ಟು ೨೨ ದಿನಗಳಾಗಿದ್ದವು. ಅಣ್ಣ ಜೇಲಿನಲ್ಲಿದ್ದ.

“ಅಪೀಲು ಮಾಡಿದಿರೇನಪಾ?” ಎಂದು ಕೇಳಿದೆವು.

“ಶಿಕ್ಷಾ ಆಗಿ ಹೋತಲ್ರೀ, ಇನ್ನೇನ್ ಉಳದೈತಿ? ಅಪೀಲಂದ್ರ ದಿಲ್ಲಿಗೆ ಹೋಗಬೇಕು. ನಮ್ಮ ಕಡೆ ರೊಕ್ಕ ಎಲ್ಲೈತ್ರೀ?” ಎಂದ.

ಈ ಒಂದು ಮಾತಿನಲ್ಲಿ ಮೂರು ತಪ್ಪು ತಿಳುವಳಿಕೆಗಳಿದ್ದವು. ನಾವು ಗಿರಣಿಯ ಕಾರಕೂನರು, ವಕೀಲರಲ್ಲ. ಆದರೂ ಎಲ್ಲರಿಗೂ ತಿಳಿದಿರಬೇಕಾದಷ್ಟನ್ನು ಓದಿ, ಕೇಳಿ ಇಲ್ಲಿ ಬರೆದಿದ್ದೇವೆ.

ಶಿಕ್ಷೆಯ ಅಳತೆ

ಕಾಯದೆಯ ಕಲಮು ಬಹಳ ಮಟ್ಟಿಗೆ ಶಿಕ್ಷೆಯ ಮೇಲಿನ ಮಿತಿಯನ್ನಷ್ಟೇ ಹೇಳುತ್ತದೆ. ೨೦೨೪ರ ಜುಲೈ ೧ರಿಂದ ಹಳೆಯ ಪೀನಲ್ ಕೋಡಿನ ಸ್ಥಳದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ಕ್ರಿಮಿನಲ್ ಪ್ರೊಸೀಜರ್ ಕೋಡಿನ ಸ್ಥಳದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದಿವೆ. ಬೇಕೆಂದು ಎಲುಬು ಮುರಿದವನಿಗೆ ಮೊದಲಿನಂತೆ ಈಗಲೂ ೭ ವರ್ಷಗಳ ವರೆಗೆ ಸಜೆಯಾಗಬಹುದು. ಆದರೆ ಒಂದನೆಯ ದರ್ಜೆಯ ಮ್ಯಾಜಿಸ್ಟ್ರೇಟರಿಗೆ ೩ ವರ್ಷಕ್ಕೆ ಮಿಗಿಲಾದ ಸಜೆ ಕೊಡುವ ಅಧಿಕಾರವಿಲ್ಲ. ಸೆಶನ್ಸ್ ನ್ಯಾಯಾಧೀಶರು ಕಾಯದೆಯಲ್ಲಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು. ಮರಣದಂಡನೆ ಮಾತ್ರ ಹೈಕೋರ್ಟು ಸ್ಥಿರಪಡಿಸಿದ ಹೊರತು ನಡೆಯದು.

ಈ ಮಿತಿಯೊಳಗೆ ಎಷ್ಟು ಕೊಡಬೇಕೆಂಬುದು ನ್ಯಾಯಾಧೀಶರ ವಿವೇಚನೆ. ಅಪರಾಧ ನಡೆದ ರೀತಿ, ಆದ ಹಾನಿ, ಹಿಂದಿನ ನಡತೆ, ವಯಸ್ಸು ಇವುಗಳನ್ನು ಅವರು ತೂಗಿ ನೋಡುತ್ತಾರೆ. ದೊಡ್ಡ ಮೊಕದ್ದಮೆಗಳಲ್ಲಿ ಅಪರಾಧಿ ಎಂದು ಹೇಳಿದ ಮೇಲೆ, ಶಿಕ್ಷೆ ಬರೆಯುವ ಮುನ್ನ, ಅವನ ಮಾತನ್ನು ಕೇಳಬೇಕೆಂದು ನಿಯಮವಿದೆ. ನಮ್ಮವರು ಆ ಗಳಿಗೆಯಲ್ಲಿ ಕೈಮುಗಿದು ಸುಮ್ಮನೆ ನಿಲ್ಲುತ್ತಾರೆ. ಹಾಗೆ ಮಾಡಬಾರದು. ಇದು ಮೊದಲ ತಪ್ಪೆಂಬುದನ್ನೂ, ದುಡಿದು ಸಾಕಬೇಕಾದ ಸಂಸಾರವನ್ನೂ, ಪೆಟ್ಟು ತಿಂದವನ ಔಷಧಕ್ಕೆ ಹಣ ಕೊಟ್ಟಿದ್ದರೆ ಅದನ್ನೂ ಕಾಗದ ಸಮೇತ ಹೇಳಬೇಕು. ೧೯೫೮ರ ಪ್ರೊಬೇಶನ್ ಕಾಯದೆಯಂತೆ ಜೇಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಲೂ ಬಹುದು. ಆ ಮೊಕದ್ದಮೆಯ ಸಲುವಾಗಿ ಮೊದಲೇ ಜೇಲಿನಲ್ಲಿ ಕಳೆದ ದಿನಗಳನ್ನು ಸಜೆಯಲ್ಲಿ ವಜಾ ಮಾಡುತ್ತಾರೆ.

ಅಪೀಲು ಎಲ್ಲಿಗೆ, ಯಾವಾಗ?

ವಿಕ್ರೋಳಿಯ ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಅಪೀಲು ಹೋಗುವುದು ಮುಂಬಯಿಯ ಸೆಶನ್ಸ್ ಕೋರ್ಟಿಗೆ. ಲೋಕಲ್ ಗಾಡಿಯ ಪಾಸಿನಲ್ಲಿ ಹೋಗಿ ಬರುವಷ್ಟೇ ದೂರ. ವಾಯಿದೆ ೩೦ ದಿನ. ಸೆಶನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಅಪೀಲು ಹೈಕೋರ್ಟಿಗೆ. ವಾಯಿದೆ ೬೦ ದಿನ, ಮರಣದಂಡನೆಯಾದರೆ ೩೦ ದಿನ. ತೀರ್ಪಿನ ನಕಲು ಸಿಗಲು ಹಿಡಿದ ಕಾಲವನ್ನು ಇದರಲ್ಲಿ ಎಣಿಸುವುದಿಲ್ಲ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಬೇಕೆಂದು ಕೇಳಬಹುದು. ಮನ್ನಿಸಿಯೇ ತೀರುತ್ತಾರೆಂದು ನಂಬಿ ಕೂಡ್ರಬಾರದು.

ಅಪೀಲು ಹಾಕಿದ ಮಾತ್ರಕ್ಕೆ ಸಜೆ ತಾನಾಗಿ ನಿಲ್ಲದು. ಸಜೆ ತಡೆದು ಜಾಮೀನು ಕೊಡಬೇಕೆಂದು ಬೇರೆ ಅರ್ಜಿ ಕೊಡಬೇಕು. ಜಾಮೀನಿನ ಮೇಲಿದ್ದವನಿಗೆ ೩ ವರ್ಷದೊಳಗಿನ ಸಜೆಯಾದರೆ, ಅಪೀಲು ಹಾಕುವವರೆಗೆ ಶಿಕ್ಷೆ ಕೊಟ್ಟ ಕೋರ್ಟೇ ಅವನನ್ನು ಜಾಮೀನಿನ ಮೇಲೆ ಬಿಡಬಹುದು. ನಮ್ಮ ತರುಣನ ಅಣ್ಣ ಜಾಮೀನಿನ ಮೇಲೆಯೇ ಇದ್ದ. ಅಂದೇ ಕೇಳಿದ್ದರೆ ಆ ೨೨ ದಿನ ಮನೆಯಲ್ಲಿರುವ ಸಾಧ್ಯತೆ ಇತ್ತು. ಕೇಳಲಿಲ್ಲ, ಕೇಳಬಹುದೆಂದು ಯಾರಿಗೂ ಗೊತ್ತಿರಲಿಲ್ಲ.

ಅಪೀಲು ಮಾಡಿದರೆ ಶಿಕ್ಷೆ ಹೆಚ್ಚಾದೀತೆ ಎಂದು ಅಂಜುವವರಿದ್ದಾರೆ. ಅಪರಾಧಿ ತಾನೇ ಮಾಡಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಶಿಕ್ಷೆ ಸಾಲದೆಂದು ಸರಕಾರ ಬೇರೆ ಅಪೀಲು ಮಾಡಿದರೆ ಮಾತು ಬೇರೆ. ತಪ್ಪೊಪ್ಪಿಕೊಂಡು ಶಿಕ್ಷೆಯಾದವನು ಶಿಕ್ಷೆಯ ಪ್ರಮಾಣ ಮತ್ತು ಅದರ ಕಾಯದೆಬದ್ಧತೆಯ ಬಗ್ಗೆ ಮಾತ್ರ ಅಪೀಲು ಮಾಡಬಹುದು. ತೀರ ಸಣ್ಣ ದಂಡಗಳಿಗೆ ಅಪೀಲೇ ಇಲ್ಲ.

ಒಂದು ಪ್ರಸಿದ್ಧ ಮೊಕದ್ದಮೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೊಟ್ಟಿ ಪದವಿಪತ್ರ ಹೊರಡಿಸುವ ಪ್ರಯತ್ನ ಮಾಡಿದರೆಂದು ಅಧ್ಯಾಪಕರೊಬ್ಬರಿಗೆ ಶಿಕ್ಷೆಯಾಯಿತು. ಕಾಯದೆಯ ಪುಸ್ತಕಗಳಲ್ಲಿ ಇದಕ್ಕೆ ಹೊಸ್ಕೋಟ್ ಪ್ರಕರಣವೆಂದು ಹೆಸರು. ಸೆಶನ್ಸ್ ಕೋರ್ಟು ಕೊಟ್ಟದ್ದು ಅಂದಿನ ಕೋರ್ಟು ಏಳುವ ತನಕ ಸಾದಾ ಸಜೆ, ಒಂದಿಷ್ಟು ದಂಡ. ತಾನು ನಿರಪರಾಧಿಯೆಂದು ಇವರು, ಶಿಕ್ಷೆ ಸಾಲದೆಂದು ಸರಕಾರ, ಇಬ್ಬರೂ ಮುಂಬಯಿ ಹೈಕೋರ್ಟಿಗೆ ಹೋದರು. ೧೯೭೩ರ ನವೆಂಬರಿನಲ್ಲಿ ಹೈಕೋರ್ಟು ಸರಕಾರದ ಮಾತನ್ನು ಒಪ್ಪಿ ಸಜೆಯನ್ನು ೩ ವರ್ಷಕ್ಕೆ ಏರಿಸಿತು.

ಇವರು ಸುಪ್ರೀಮ್ ಕೋರ್ಟಿಗೆ ಹೋದದ್ದು ನಾಲ್ಕು ವರ್ಷಕ್ಕೂ ಮಿಕ್ಕಿ ತಡವಾಗಿ. ತೀರ್ಪಿನ ನಕಲು ಯೆರವಡಾ ಜೇಲಿಗೆ ಹೋಗಿತ್ತಂತೆ. ಕೈದಿಯ ಕೈಸೇರಿದ್ದಕ್ಕೆ ಪುರಾವೆ ಇರಲಿಲ್ಲ. ಅಷ್ಟರಲ್ಲಿ ಸಜೆಯೂ ಮುಗಿದಿತ್ತು. ೧೯೭೮ರ ಆಗಸ್ಟ್ ೧೭ರಂದು ನ್ಯಾಯಮೂರ್ತಿ ಕೃಷ್ಣ ಅಯ್ಯರರು ಅರ್ಜಿಯನ್ನು ತಳ್ಳಿಹಾಕಿದರು. ಆದರೆ ಅದೇ ತೀರ್ಪಿನಲ್ಲಿ, ಸಜೆಯಾದವನಿಗೆ ತೀರ್ಪಿನ ನಕಲನ್ನು ಬೇಗನೆ ಪುಕ್ಕಟೆಯಾಗಿ ಕೊಡಬೇಕು, ಜೇಲಿನವರು ಅದನ್ನು ಮುಟ್ಟಿಸಿ ಸಹಿ ಪಡೆಯಬೇಕು, ಬಡ ಕೈದಿಗೆ ಅಪೀಲಿಗಾಗಿ ಸರಕಾರದ ಖರ್ಚಿನಲ್ಲಿ ವಕೀಲರು ದೊರೆಯಬೇಕು ಎಂದು ಹೇಳಿದರು. ಒಬ್ಬರು ಸೋತ ಮೊಕದ್ದಮೆಯಿಂದ ಸಾವಿರಾರು ಜನರಿಗೆ ಹಕ್ಕು ಬಂತು.

ರೊಕ್ಕವಿಲ್ಲದಿದ್ದರೆ?

ಜೇಲಿನಲ್ಲಿದ್ದವನು ಜೇಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯಂತೆ ಬಂಧನದಲ್ಲಿರುವವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಾರಖಾನೆಯ ಕಾರ್ಮಿಕರು, ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ವರಮಾನದವರು ಪುಕ್ಕಟೆ ವಕೀಲರನ್ನು ಕೇಳಬಹುದು. ಟೆಲಿಫೋನ್ ನಂಬರು ೧೫೧೦೦.

ತೋಳು ಮುರಿಸಿಕೊಂಡವನೂ ನಮ್ಮಂತೆ ದುಡಿದು ಉಣ್ಣುವವನೇ. ಅವನ ನೋವನ್ನು ಮರೆತು ನಾವು ಇದನ್ನು ಬರೆಯುತ್ತಿಲ್ಲ. ಗಿರಣಿಯಲ್ಲಿ ಒಬ್ಬರು ಬರೆದ ಹಾಜರಿ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುತ್ತೇವೆ. ಒಬ್ಬ ಮನುಷ್ಯನ ಒಂದು ವರ್ಷವನ್ನು ಎರಡನೆಯವರು ಒಮ್ಮೆ ನೋಡಲಿ ಎಂಬುದಿಷ್ಟೇ ಅಪೀಲಿನ ಅರ್ಥ.

ಆ ತರುಣ ಮರುದಿನ ಕೆಲಸ ಬಿಟ್ಟು ಹೋಗಿ ಪುಕ್ಕಟೆ ವಕೀಲರನ್ನು ಕಂಡ. ೨೮ನೆಯ ದಿನ ಅಪೀಲು ದಾಖಲಾಯಿತು. ನಿರ್ಣಯ ಇನ್ನೂ ಆಗಿಲ್ಲ. ನಿಮ್ಮ ಚಾಳಿನಲ್ಲಿ ಇಂಥ ಮನೆ ಇದ್ದರೆ ಮೊದಲು ತೀರ್ಪಿನ ತಾರೀಖು ಕೇಳಿರಿ, ಆಮೇಲೆ ಉಳಿದ ಮಾತು.